ಲೋಹದ ದಣಿವು

ದಣಿವು ಜೀವಿಗಳಿಗೆ ಮಾತ್ರವೇ? ಜಗತ್ತಿನ ಮೊದಲ ಜೆಟ್ ಪ್ರಯಾಣಿಕ ವಿಮಾನವಾದ ಬ್ರಿಟನ್ನಿನ ‘ಕಾಮೆಟ್’ 1952ರಲ್ಲಿ ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಸಂಚಾರವನ್ನಾರಂಭಿಸಿತು. 1954ರ ಜನವರಿಯಲ್ಲಿ ರೋಮಿನಿಂದ ಮೇಲೆದ್ದ ಕಾಮೆಟ್ಟೊಂದು ಆಕಾಶದಲ್ಲೇ ಒಡೆದು ಎಲ್ಬಾ ದ್ವೀಪದ ಬಳಿ ಕಡಲಿಗೆ ಬಿದ್ದಿತು. 35 ಮಂದಿ ಮಡಿದರು. ಕಾರಣವನ್ನರಿಯದೆ, ಊಹೆಯ ಮೇಲೆ ಕೆಲವು ತಿದ್ದುಪಡಿಗಳನ್ನು ಮಾಡಿ ಮಾರ್ಚಿಯಲ್ಲಿ ಮತ್ತೆ ಹಾರಿಸಿದರು. ಈ ಆತುರವನ್ನು ಕ್ಷಮಿಸುವುದು ಕಷ್ಟ. ಏಪ್ರಿಲಿನಲ್ಲಿ, ರೋಮಿನಿಂದಲೇ ಹೊರಟ ಇನ್ನೊಂದರೊಡನೆ 21 ಮಂದಿ ಕಡಲ ಪಾಲಾದರು.

ಎತ್ತರದಲ್ಲಿ ಪ್ರಯಾಣಿಕರ ಉಸಿರಿಗೆಂದು ತುಂಬಿದ ಗಾಳಿಯ ಒತ್ತಡಕ್ಕೆ ವಿಮಾನದ ಒಡಲು ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ಫಾರ್ನ್‌ಬರೋದ ವಿಜ್ಞಾನಿಗಳು ಅದುವರೆಗೆ ಹಾರಾಡಿದ್ದ ಒಂದು ಕಾಮೆಟ್ಟಿನ ಒಡಲನ್ನು ನೀರಿನ ತೊಟ್ಟಿಯಲ್ಲಿರಿಸಿ ಇದನ್ನೇ ಮತ್ತೆ ಮತ್ತೆ ನಡೆಸಿದರು. ಹಿಂದಿನ ಹಾರಾಟಗಳೂ ಸೇರಿ ಸುಮಾರು 3,000 ಸಲವಾದಾಗ ಕಿಟಕಿಯೊಂದರ ಮೂಲೆಯಿಂದ ಲೋಹ ಸೀಳಿತು. ‘ಲೋಹದ ದಣಿವು’ ಎಂಬುದು ಕವಿಯ ಮಾತಿನಂತೆ ಕೇಳಿಸಿದರೂ ಎಂಜಿನಿಯರರ ಪರಿಭಾಷೆ. ಒಡಲನ್ನು ಬಲಪಡಿಸಿ ಕಟ್ಟಿದ ಕಾಮೆಟ್ 1958ರಲ್ಲಿ ಪ್ರಯಾಣಿಕರನ್ನು ಹೊತ್ತು ಅಟ್ಲಾಂಟಿಕ್ ದಾಟಿತು.