ಉಕ್ಕಿನ ಬೆನ್ನಿಗೆ ಹಸುಬೆ

ಭಾನುವಾರದ ಬೆಳಗಿನ ಜಾವದಲ್ಲಿ, ಹಾಲಿನ ಗಾಡಿಯವರೂ ಹೂವಿನ ಬುಟ್ಟಿಯವರೂ ಮಾತ್ರ ಎಚ್ಚೆತ್ತಿರುವ ಹೊತ್ತಿಗೆ, ಬನಶಂಕರಿ ದೇವಸ್ಥಾನದ ಬಳಿ ಕನಕಪುರ ರಸ್ತೆಯ ಅಂಚಿನಲ್ಲಿ ನಿಂತು ನೋಡಿದವರಿಗೆ, ಜಯನಗರ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಕಡೆಯಿಂದ ಒಂದೊಂದಾಗಿ ಬಂದು ದಕ್ಷಿಣಾಭಿಮುಖವಾಗಿ ಸಾಗುವ ಮೋಟಾರ್ ಸೈಕಲ್ಲುಗಳ ಹಿಂಬದಿಯಲ್ಲಿ, ಇಕ್ಕೆಲಗಳಿಗೂ ಇಳಿಬಿದ್ದ ಜೋಡಿ ಚೀಲಗಳು ಕಾಣದೆ ಇರವು. ಸವಾರರು ಇವನ್ನು ಸ್ಯಾಡಲ್ ಬ್ಯಾಗ್ ಎನ್ನುತ್ತಾರೆ. ಹೆಸರು ಹೊರಗಿನದಾದರೂ ವಸ್ತು ನಮಗೆ ಅಪರಿಚಿತವಲ್ಲ. ನಡುವೆ ಬಾಯಿಯೂ ಎರಡು ತುದಿಗಳಲ್ಲಿ ಒಂದೊಂದು ಹೊಟ್ಟೆಯೂ ಇರುವ ಇಂಥ ಚೀಲವನ್ನು ಎತ್ತಿನ ಬೆನ್ನಿಗೆ ಅಡ್ಡಲಾಗಿ ಹಾಕಿ, ಉಪ್ಪನ್ನೂ ಧಾನ್ಯವನ್ನೂ ಘಟ್ಟ ಹತ್ತಿಸಿ ಇಳಿಸಿದ ನಮ್ಮ ಪೂರ್ವಿಕರು ಅದಕ್ಕೆ ಹಸುಬೆ ಎಂಬ ಅಚ್ಚಗನ್ನಡದ ಹೆಸರನ್ನಿಟ್ಟಿದ್ದರು. ಎಡಬಲಗಳ ತೂಕ ಸಮನಾಗಿರಬೇಕು, ಹೇರು ಬೆನ್ನಿನ ಮೇಲೆ ಅಲುಗದೆ ಕೂತಿರಬೇಕು ಎಂಬ ಆ ಹೇರೆತ್ತಿನವರ ವಿದ್ಯೆಯೇ ಇಂದಿನ ಸವಾರನಿಗೂ ಬೇಕಾದ ವಿದ್ಯೆಯ ಮುಕ್ಕಾಲು ಪಾಲು. ಉಳಿದ ಕಾಲು ಪಾಲು ಎತ್ತಿಗಿಲ್ಲದ ಎರಡು ಅವಯವಗಳಿಗೆ, ಎಂದರೆ ಸುಡುವ ಸೈಲೆನ್ಸರಿಗೂ ತಿರುಗುವ ಚಕ್ರಕ್ಕೂ, ಸಂಬಂಧಿಸಿದುದು.

ಬುಲೆಟ್, ಯೆಜ್ಡಿಗಳ ಪಕ್ಕಕ್ಕೆ ತಗಡಿನ ಪೆಟ್ಟಿಗೆಯನ್ನು ಬಿಗಿಸಿಕೊಂಡು ಓಡಾಡಿದವರು ನಮ್ಮ ಬಡಾವಣೆಗಳಲ್ಲಿ ಬಹುಮಂದಿ ಇದ್ದರು. ಪೆಟ್ಟಿಗೆಗೆ ಬೀಗವುಂಟು, ಮಳೆಯ ಭಯ ಕಡಿಮೆ. ಆದರೆ ಖಾಲಿಯಿದ್ದಾಗಲೂ ಅದರ ಭಾರ ತಪ್ಪದು, ಬನಶಂಕರಿ ಬಸ್ ನಿಲ್ದಾಣದ ಮುಂದೆ ಎರಡು ಬಸ್ಸುಗಳ ನಡುವೆ ನುಸುಳುವಾಗ ಅದರ ಮೂಲೆ ತಾಗದೆ ಇರದು. ಬಟ್ಟೆಯ ಚೀಲವಾದರೋ ಊರು ತಲುಪಿದೊಡನೆ ಬಿಚ್ಚಿ ಹೆಗಲಿಗೇರುತ್ತದೆ, ಸೋಮವಾರ ಕಚೇರಿಗೆ ಹೊರಡುವಾಗ ಅಟ್ಟ ಸೇರುತ್ತದೆ. ಗಾಡಿ ಮಗುಚಿ ಕಾಲು ಅಡಿಗೆ ಸಿಕ್ಕಿದರೂ ತಗಡಿನಷ್ಟು ನಿರ್ದಯವಾಗಿ ನಡೆದುಕೊಳ್ಳುವುದಿಲ್ಲ. ವರ್ಷಕ್ಕೆ ನಾಲ್ಕಾರು ಪ್ರವಾಸ ಮಾಡುವ ಗೃಹಸ್ಥನಿಗೆ ಮೃದು ಚೀಲವೇ ತಕ್ಕದ್ದೆಂಬುದು ನನ್ನ ದೃಢವಾದ ಅಭಿಪ್ರಾಯ.

ಕೊಳ್ಳುವವನು ಮೊದಲು ನೋಡತಕ್ಕದ್ದು ಬಟ್ಟೆಯನ್ನು. ಅಂಗಡಿಯವರು 600 ಡೆನಿಯರ್, 1000 ಡೆನಿಯರ್ ಎಂದು ಹೇಳುವುದುಂಟು. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟೇ ಅದರ ಡೆನಿಯರ್. ಈ ಅಳತೆ ರೇಷ್ಮೆಯವರದು. ಸಿಲ್ಕ್ ಬೋರ್ಡ್ ಸರ್ಕಲ್ಲಿನಲ್ಲಿ ದಿನವೂ ಕಾಯುವ, ಸಿಲ್ಕ್ ಇನ್‌ಸ್ಟಿಟ್ಯೂಟ್ ಮೆಟ್ರೋ ನಿಲ್ದಾಣದಲ್ಲಿ ಇಳಿಯುವ ನಮ್ಮವರಿಗೆ ಇದು ಪರಕೀಯವಾಗಬೇಕಾಗಿಲ್ಲ. ಸೀರೆಗೆಂದು ತೆಗೆಯುವ ಹಿಪ್ಪುನೇರಳೆ ರೇಷ್ಮೆಯ ಎಳೆ ಸಾಮಾನ್ಯವಾಗಿ 20ರಿಂದ 22 ಡೆನಿಯರ್ ಎಂಬುದನ್ನು ನೆನೆದರೆ, 1000 ಡೆನಿಯರಿನ ನೈಲಾನ್ ಎಂಥ ದಪ್ಪ ನೂಲೆಂಬುದು ಮನಸ್ಸಿಗೆ ಬರುತ್ತದೆ. ಆದರೂ ಬಟ್ಟೆ ಹರಿಯುವುದಕ್ಕಿಂತ ಮೊದಲು ಕೈಕೊಡುವುದು ಹೊಲಿಗೆ. ಆದಕಾರಣ ಪಟ್ಟಿಯು ಚೀಲಕ್ಕೆ ಸೇರುವ ಜಾಗದಲ್ಲಿ ಚೌಕಹಾಕಿ ಅದರೊಳಗೆ ಅಡ್ಡಗೆರೆ ಎಳೆದಂತೆ ಇಮ್ಮಡಿ ಹೊಲಿಗೆ ಇದೆಯೇ ಎಂದು ಅಂಗಡಿಯಲ್ಲಿಯೇ ಬೆರಳಾಡಿಸಿ ನೋಡುವುದು ಒಳ್ಳೆಯದು. ಮಳೆಗೆಂದು ಮೇಲೆ ಹೊದಿಸುವ ಕವರು ಗಾಳಿಗೆ ಹಾರಿಹೋಗುವುದನ್ನು ಕಂಡಿದ್ದೇನೆ. ಒಳಗೊಂದು ನೀರು ಹೋಗದ ಚೀಲವಿರಿಸಿ ಬಾಯನ್ನು ಮೂರು ಸುತ್ತು ಸುರುಳಿಸುತ್ತಿ ಬಕಲ್ ಹಾಕುವ ಏರ್ಪಾಡೇ ಆಗುಂಬೆಯ ಮಳೆಗೂ ನಿಲ್ಲುವಂಥದು. ಗಾತ್ರದ ವಿಷಯದಲ್ಲಿ, ಜೋಡಿಗೆ 40ರಿಂದ 50 ಲೀಟರ್ ಇದ್ದರೆ ಒಬ್ಬನ ನಾಲ್ಕು ದಿನಕ್ಕೆ ಸಾಲದೆ ಹೋಗದು.

ಚೀಲ ಒಳ್ಳೆಯದಾದರೆ ಸಾಕೆಂದು ನಂಬಿ ನಾನೂ ಒಮ್ಮೆ ಕೆಟ್ಟೆ. ಹೊಸ ಚೀಲವನ್ನು ಹಿಂಬದಿ ಸೀಟಿನ ಮೇಲೆ ಹಾಕಿ, ಕೆಳಗಿನ ಪಟ್ಟಿಗಳನ್ನು ಕಟ್ಟುವ ಗೋಜಿಗೆ ಹೋಗದೆ ಸಂಗಮದ ದಾರಿ ಹಿಡಿದವನು, ಕನಕಪುರದಲ್ಲಿ ಕಾಫಿಗೆ ನಿಂತಾಗ ಸುಟ್ಟ ವಾಸನೆಗೆ ತಿರುಗಿ ನೋಡಿದರೆ, ಬಲಚೀಲದ ಮೂಲೆ ಸೈಲೆನ್ಸರಿಗೆ ಮೇಣದಂತೆ ಅಂಟಿ, ಒಳಗಿದ್ದ ಪಂಚೆಯ ಅಂಚು ಕಂದುಬಣ್ಣಕ್ಕೆ ತಿರುಗಿತ್ತು. ನೈಲಾನು ಸುಮಾರು 220ರಿಂದ 260 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುತ್ತದೆ. ದೂರ ಓಡಿದ ಗಾಡಿಯ ಹೊಗೆಕೊಳವೆಗೆ ಆ ಕಾವು ದೊಡ್ಡದಲ್ಲ. ಆ ಪಂಚೆ ತಂದೆಯವರದು. ಆ ನೋವು ಇಂದಿಗೂ ಮಾಸಿಲ್ಲ. ಈ ಲೇಖನಕ್ಕೆ ಮೂಲಕಾರಣವೂ ಅದೇ.

ಮರುವಾರ ಜೊತೆಗೊಬ್ಬರನ್ನು ಕೂರಿಸಿಕೊಂಡು ಜೆ.ಪಿ. ನಗರದ ಅಡ್ಡರಸ್ತೆಯೊಂದರ ವೆಲ್ಡಿಂಗ್ ಅಂಗಡಿಗೆ ಗಾಡಿಯನ್ನು ಒಯ್ದೆ. ನಾನು ಅದನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಅಳತೆಪಟ್ಟಿ ತೆಗೆದದ್ದನ್ನು ಕಂಡ ಮೇಸ್ತ್ರಿ ತಡೆದು, “ಸ್ಟ್ಯಾಂಡ್ ಮೇಲೆ ಅಳತೆ ನೋಡ್ಬೇಡಿ ಸಾರ್, ಸುಳ್ಳು ಹೇಳುತ್ತೆ. ಕೆಳಗಿಳಿಸಿ ಇಬ್ರೂ ಕೂತ್ಕೊಳಿ, ಆಮೇಲೆ ನೋಡೋಣ,” ಎಂದರು. ಸ್ಟ್ಯಾಂಡಿನ ಮೇಲೆ ಹಿಂಚಕ್ರ ಕೆಳಕ್ಕೆ ಜೋತಿರುತ್ತದೆ. ಇಬ್ಬರು ಕೂತು, ಮೇಲೆ ಒಂದು ಹಂಪ್ ಹಾರಿದಾಗ ಶಾಕ್ ಅಬ್ಸಾರ್ಬರ್ ಕುಗ್ಗಿ ಅದೇ ಚಕ್ರ ಚೀಲಗಳ ನಡುವಿನ ಜಾಗಕ್ಕೆ ಏರಿಬರುತ್ತದೆ. ಗುರುತಿನ ಬಣ್ಣವಿಲ್ಲದ ಹಂಪುಗಳು ಹೇರಳವಾಗಿರುವ ನಮ್ಮ ಬಡಾವಣೆಗಳಲ್ಲಿ ಈ ಮಾತಿಗೆ ಬೆಲೆ ಹೆಚ್ಚು. ಎಡಗಡೆಗೆ ಅಷ್ಟು ಚಿಂತೆಯಿಲ್ಲ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು, ಹಿಂದೆ ಕೂತವರ ಉಡುಪು ಸಿಕ್ಕದಂತೆ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ಮರೆಮಾಡಬೇಕೆಂದು ವಿಧಿಸಿರುವುದರಿಂದ ಬಂದ ಸೀರೆ ಗಾರ್ಡ್, ಅಮ್ಮಂದಿರ ಸೆರಗನ್ನು ಕಾಯುವಂತೆಯೇ ಚೀಲವನ್ನೂ ಕಾಯುತ್ತದೆ. ಬಲಗಡೆಗೆ ಮೇಸ್ತ್ರಿ ಕೊಳವೆ ಬಾಗಿಸಿ, ಚೀಲವನ್ನು ಒಳಸರಿಯದಂತೆ ತಡೆಯುವ ಒಂದು ಸ್ಯಾಡಲ್ ಸ್ಟೇ ಮಾಡಿ, ಮೇಲ್ತುದಿಯನ್ನು ಗ್ರಾಬ್ ರೈಲಿನ ಬೋಲ್ಟಿಗೂ ಕೆಳತುದಿಯನ್ನು ಹಿಂದಿನ ಫುಟ್‌ರೆಸ್ಟಿನ ಬೋಲ್ಟಿಗೂ ಬಿಗಿದರು. ನಾವಿಬ್ಬರೂ ಗಾಡಿಯ ಮೇಲೆ ಕೂತಿರುವಂತೆಯೇ ಸೈಲೆನ್ಸರಿಗೂ ಚೀಲದ ತಳಕ್ಕೂ ನಡುವೆ ಅಂಗೈಯನ್ನು ನೆಟ್ಟಗೆ ತೂರಿಸಿ, ನಾಲ್ಕು ಬೆರಳು ಸಲೀಸಾಗಿ ಆಡಿದ ಮೇಲೆಯೇ ಒಪ್ಪಿದರು.

ಕಟ್ಟುವ ಕ್ರಮವೂ ಅವರಿಂದ ಕಲಿತದ್ದೇ. ಮೊದಲು ಚೀಲ ಉಜ್ಜುವ ಜಾಗದ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಇಲ್ಲವಾದರೆ ಅದೇ ಉಪ್ಪುಕಾಗದವಾಗಿ ಬಣ್ಣವನ್ನು ತಿನ್ನುತ್ತದೆ. ಮೇಲಿನ ಅಡ್ಡಪಟ್ಟಿಗಳು ಸೀಟಿನ ಅಡಿಯಲ್ಲಿ ಹಾಯ್ದರೆ ಸ್ಥಿರ; ಮುಂದಿನ ಪಟ್ಟಿ ಫುಟ್‌ರೆಸ್ಟಿನ ಚೌಕಟ್ಟಿಗೆ, ಹಿಂದಿನದು ಗ್ರಾಬ್ ರೈಲಿಗೆ. ಚೀಲ ಹಿಂದಕ್ಕೆ ಸರಿದಷ್ಟೂ ಮುಂಚಕ್ರ ಹಗುರಾಗಿ ಹ್ಯಾಂಡಲ್ ತೂಗಾಡುವುದರಿಂದ, ಹಿಂದೆ ಕೂತವರ ಕಾಲಿಗೆ ತಾಗದಷ್ಟು ಮುಂದಕ್ಕೆ ಎಳೆಯುವುದೇ ಸರಿ. ಇಂಡಿಕೇಟರೂ ನಂಬರ್ ಪ್ಲೇಟೂ ಮರೆಯಾಗಕೂಡದು. ಉಳಿದ ಪಟ್ಟಿಯ ಬಾಲವನ್ನು ಸುತ್ತಿ ಕಟ್ಟಿಬಿಡಬೇಕು. ಗೇಣುದ್ದದ ಬಾಲವೊಂದು ಚೈನಿಗೆ ಸಿಕ್ಕರೆ ಚಕ್ರವನ್ನೇ ನಿಲ್ಲಿಸಬಲ್ಲದು, ಅದು ಪ್ರಾಣಕ್ಕೆ ಸಂಬಂಧಿಸಿದ ಮಾತು. ಪಾನಾ, ನೀರಿನ ಸೀಸೆ ಮೊದಲಾದ ಭಾರದ ವಸ್ತುಗಳು ತಳಕ್ಕೆ. ತುಂಬಿದ ಚೀಲಗಳನ್ನು ನಾನು ಈಗ ಕೊಕ್ಕೆಯ ತಕ್ಕಡಿಗೆ ತೂಗುಹಾಕಿ ನೋಡುತ್ತೇನೆ; ಅರ್ಧ ಕಿಲೋ ವ್ಯತ್ಯಾಸ ಬಂದರೆ ಡಬ್ಬಿಯೊಂದನ್ನು ಈಚೆಯಿಂದ ಆಚೆಗೆ ಸಾಗಿಸುತ್ತೇನೆ. ಹಿಂದಿನ ಟೈರಿಗೆ ಭಾರಕ್ಕೆ ತಕ್ಕ ಗಾಳಿ ಎಷ್ಟೆಂಬುದು ಗಾಡಿಯ ಕೈಪಿಡಿಯಲ್ಲಿಯೇ ಇರುತ್ತದೆ.

ಎಷ್ಟೇ ಬಿಗಿದರೂ ಹೊಸ ಪಟ್ಟಿ ಮೊದಲ 20 ಕಿಲೋಮೀಟರಿನೊಳಗೆ ಸ್ವಲ್ಪ ಸಡಿಲವಾಗುತ್ತದೆ, ಒಳಗಿನ ಬಟ್ಟೆಬರೆ ಕುಸಿದು ಕೂರುತ್ತದೆ. ಅದಕ್ಕಾಗಿ ಕಗ್ಗಲೀಪುರದಲ್ಲಿ ನಿಲ್ಲುವುದು ಈಗ ನಮಗೆ ರೂಢಿಯಾಗಿದೆ. ಕಳೆದ ಸಲ ಅಕ್ಕನ ಮಗ ಜೊತೆಗಿದ್ದ. ಅವನು ಇಳಿದು, ಹೇಳಿಸಿಕೊಳ್ಳದೆಯೇ ಬಲಗಡೆಗೆ ಬಗ್ಗಿ, ಸೈಲೆನ್ಸರಿನ ಮೇಲೆ ಅಂಗೈ ತೂರಿಸಿ, “ನಾಲ್ಕು ಬೆರಳು ಇದೆ ಮಾವ, ಪಟ್ಟಿ ಮಾತ್ರ ಒಂದಿಷ್ಟು ಎಳೀಬೇಕು,” ಎಂದು ಬಕಲಿಗೆ ಕೈಹಾಕಿದ.