ಮಗ್ಗದಿಂದ ಸ್ವಿಫ್ಟ್‌ವರೆಗೆ

ಹಾವೇರಿ–ರಾಣೆಬೆನ್ನೂರು ಹೆದ್ದಾರೀಲಿ ಕಣ್ಣಿಗೆ ಬೀಳೋ ಈ ಸ್ವಿಫ್ಟ್ ಕಾರಿನ ಕಂಪನಿ ಮೊದಲು ಏನು ಮಾಡ್ತಿತ್ತು, ಗೊತ್ತಾ?

ಮಗ್ಗ!

1909. ಜಪಾನಿನ ಹಮಾಮತ್ಸು.
ಬಡಗಿ ಕೆಲಸ ಕಲಿತಿದ್ದ ಮಿಚಿಯೊ ಸುಜುಕಿ
ನೇಕಾರರಿಗಾಗಿ ಮಗ್ಗ ತಯಾರಿಸೋಕೆ ಶುರು ಮಾಡಿದರು.
ತುಮ್ಮಿನಕಟ್ಟಿಯ ನೇಕಾರರಿಗೆ ಇದು ಹತ್ತಿರದ ಕಥೆ.

1955ರಲ್ಲಿ ಸುಜುಕಿಯ ಮೊದಲ ಕಾರು, ಸುಜುಲೈಟ್.
ಎಂಜಿನ್ ಬರೀ 360 ಸಿಸಿ.
ಸಣ್ಣ ಕಾರು, ಕೈಗೆಟುಕೋ ಬೆಲೆ: ಆ ದಾರಿ ಅವರು ಬಿಡಲೇ ಇಲ್ಲ.

1983ರ ಡಿಸೆಂಬರ್ 14.
ಸುಜುಕಿ ಜೊತೆ ಸೇರಿ ಭಾರತದಲ್ಲಿ ಮಾಡಿದ ಮೊದಲ ಮಾರುತಿ 800ರ ಕೀಲಿಯನ್ನ ಇಂದಿರಾ ಗಾಂಧಿ ಕೊಟ್ಟರು.
ಮಧ್ಯಮ ವರ್ಗದ ಮನೆ ಮುಂದೆ ಕಾರು ಬಂತು.
ಆದರೆ ಓಡಿಸೋ ಮಜಾ?
ಅದು ಬಂದದ್ದು 2005ರಲ್ಲಿ, ಸ್ವಿಫ್ಟ್ ಜೊತೆ.

ಮೋಟೆಬೆನ್ನೂರು ಹತ್ತಿರ ನೋಡಿ.
ಮುಂದೆ ಬ್ಯಾಡಗಿ ಮೆಣಸಿನಕಾಯಿ ಚೀಲ ತುಂಬಿದ ಲಾರಿ.
ಸ್ವಿಫ್ಟ್‌ನವರು ಮೂರನೇ ಗೇರಿಗೆ ಇಳಿಸ್ತಾರೆ, ಆಕ್ಸಿಲರೇಟರ್ ಒತ್ತುತಾರೆ.
ಲಾರಿ ಹಿಂದೆ!

ಇದರ ಗುಟ್ಟು ತೂಕ.
2018ರ ಪೆಟ್ರೋಲ್ ಸ್ವಿಫ್ಟ್ 900 ಕಿಲೋ ಒಳಗೇ ಇದೆ.
ಖಾಲಿ ಚಕ್ಕಡಿಗೆ ಹೂಡಿದ ಜೋಡೆತ್ತು ಹೇಗೆ ಓಡ್ತವೆ? ಹಾಗೆ.
ಅದೇ ಎತ್ತು, ಹೊರೆ ಮಾತ್ರ ಕಡಿಮೆ.

2007ರಲ್ಲಿ ಡೀಸೆಲ್ ಸ್ವಿಫ್ಟ್ ಬಂತು. ಎಂಜಿನ್ ಇಟಲಿಯ ಫಿಯಟ್‌ದು.
ಎಳೆತವೂ ಇತ್ತು, ಮೈಲೇಜೂ ಇತ್ತು. ದೂರದ ಬಾಡಿಗೆಗೆ ಇನ್ನೇನು ಬೇಕು!

2020ರ ಏಪ್ರಿಲ್‌ನಿಂದ ಹೊಸ ಡೀಸೆಲ್ ಸ್ವಿಫ್ಟ್ ಇಲ್ಲ.
ಹಳೇದು ತಗೊಳ್ಳೋರು ಮೊದಲು ಟರ್ಬೊ, ಕ್ಲಚ್ಚು ಮೆಕ್ಯಾನಿಕ್‌ಗೆ ತೋರಿಸಿ.
ಹೊಸದೇ ಬೇಕಂದ್ರೆ ಪೆಟ್ರೋಲ್, ಇಲ್ಲಾ ಸಿಎನ್‌ಜಿ.