ಕ್ಯಾಥೊಲಿಕ್ ತತ್ತ್ವಶಾಸ್ತ್ರದಲ್ಲಿ ಮಾನವ ವ್ಯಕ್ತಿ

ವಿಚಾರಶಕ್ತಿಯೇ ಮಾನವನ ಹೆಗ್ಗುರುತೆಂಬುದು ಸರ್ವವಿದಿತ. ಹಾಗಾದರೆ ಆ ಶಕ್ತಿ ಇನ್ನೂ ಅರಳದ ಹಸುಗೂಸು, ಪ್ರಜ್ಞೆ ತಪ್ಪಿದ ರೋಗಿ, ಮಕ್ಕಳ ಗುರುತನ್ನೇ ಮರೆತ ವೃದ್ಧೆ, ಇವರೆಲ್ಲ ಪೂರ್ಣಾರ್ಥದಲ್ಲಿ ವ್ಯಕ್ತಿಗಳೆನಿಸುವರೇ? ಕ್ಯಾಥೊಲಿಕ್ ದಾರ್ಶನಿಕರು ನಿರೂಪಿಸಿದ ವ್ಯಕ್ತಿತತ್ತ್ವದ ಸತ್ತ್ವಪರೀಕ್ಷೆ ಆಗುವುದು ಈ ಪ್ರಶ್ನೆಯಲ್ಲಿಯೇ.

ಲ್ಯಾಟಿನ್ ಭಾಷೆಯ 'ಪೆರ್ಸೋನಾ' ಎಂಬ ಶಬ್ದಕ್ಕೆ ಮೊದಲಿಗೆ ನಾಟಕದ ಮುಖವಾಡವೆಂಬ ಅರ್ಥವಿದ್ದಿತು. 6ನೆಯ ಶತಮಾನದ ಆದಿಭಾಗದಲ್ಲಿ ರೋಮಿನ ಬೊಯೆಥಿಯಸನು ಅದಕ್ಕೆ ಶಾಸ್ತ್ರೀಯ ಲಕ್ಷಣವನ್ನು ಕಲ್ಪಿಸಿದನು. ಅವನ ಪ್ರಕಾರ, ವಿಚಾರಶೀಲ ಸ್ವಭಾವವುಳ್ಳ ಪ್ರತ್ಯೇಕ ಸದ್ವಸ್ತುವೇ ವ್ಯಕ್ತಿ. ಇಲ್ಲಿ 'ಸ್ವಭಾವ' ಎಂಬ ಪದ ಗಮನಾರ್ಹವಾದುದು. ವಿಚಾರಶಕ್ತಿಯು ಪ್ರಕಟವಾಗಲಿ, ಸುಪ್ತವಾಗಿರಲಿ, ರೋಗದಿಂದ ಕುಂಠಿತವಾಗಲಿ, ಮಾನವನ ಸ್ವಭಾವವು ಮಾತ್ರ ಅಳಿಯುವುದಿಲ್ಲ.

ಅರಿಸ್ಟಾಟಲನ ಜಾಡನ್ನು ಹಿಡಿದ ಥಾಮಸ್ ಅಕ್ವಿನಾಸನು (1225–1274) ಈ ಲಕ್ಷಣಕ್ಕೆ ದೇಹವನ್ನೂ ಕೂಡಿಸಿದನು. ಆತ್ಮವು ದೇಹದೊಳಗಿನ ಸೆರೆಯಾಳಲ್ಲ. ದೇಹಕ್ಕೆ ರೂಪವನ್ನೂ ಜೀವವನ್ನೂ ನೀಡುವ ತತ್ತ್ವ. ಆತ್ಮವೊಂದೇ ವ್ಯಕ್ತಿಯಲ್ಲ, ಇವೆರಡರ ಐಕ್ಯವೇ ವ್ಯಕ್ತಿ. ಆದುದರಿಂದ ರೋಗಿಯ ದೇಹಕ್ಕೆ ಸಲ್ಲಿಸುವ ಶುಶ್ರೂಷೆಯು ಆ ವ್ಯಕ್ತಿಗೇ ಸಲ್ಲುತ್ತದೆ.

ಇಂಗ್ಲೆಂಡಿನ ಜಾನ್ ಲಾಕನು 1694ರಲ್ಲಿ ಬೇರೊಂದು ಮಾರ್ಗವನ್ನು ತೋರಿದನು. ವ್ಯಕ್ತಿಯು ಅಂದೂ ಇಂದೂ ಒಬ್ಬನೇ ಎನ್ನಲು ಪ್ರಜ್ಞೆಯ ಅವಿಚ್ಛಿನ್ನತೆಯೇ ಆಧಾರವೆಂದು ಅವನ ಮತ. ಈ ತರ್ಕವನ್ನು ಕೊನೆಮುಟ್ಟಿಸಿದರೆ ಸ್ಮೃತಿಯೊಡನೆ ವ್ಯಕ್ತಿಯೂ ಲುಪ್ತನಾಗುತ್ತಾನೆ. ಕ್ಯಾಥೊಲಿಕ್ ದರ್ಶನವಾದರೋ ಸ್ಮೃತಿಯನ್ನು ವ್ಯಕ್ತಿಯ ಶಕ್ತಿಗಳಲ್ಲೊಂದೆಂದು ಎಣಿಸುತ್ತದೆ. ಶಕ್ತಿ ಕುಂದಿದ ಮಾತ್ರಕ್ಕೆ ಶಕ್ತಿವಂತನು ಇಲ್ಲವಾಗುವುದಿಲ್ಲ.

20ನೆಯ ಶತಮಾನದ ಸರ್ವಾಧಿಕಾರಗಳು ಈ ವಿಚಾರಕ್ಕೆ ಹೊಸ ತೀವ್ರತೆಯನ್ನು ತಂದವು. ಮಾನವನು ಸಮಾಜದ ಅಂಗವೇ ಆದರೂ ಪೂರ್ಣವಾಗಿ ಅದರ ಸೊತ್ತಲ್ಲವೆಂದು ಫ್ರಾನ್ಸಿನ ಜಾಕ್ ಮಾರಿತೇನ್ 1947ರ ಗ್ರಂಥದಲ್ಲಿ ವಿವರಿಸಿದರು. ಮುಂದೆ 1978ರಲ್ಲಿ ಪೋಪ್ ಎರಡನೆಯ ಜಾನ್ ಪೌಲ್ ಆದ ಪೋಲೆಂಡಿನ ಕರೋಲ್ ವೊಯ್ತಿವ, ವ್ಯಕ್ತಿಯನ್ನು ಕೇವಲ ಸಾಧನವಾಗಿ ಬಳಸುವುದು ಸಲ್ಲದು, ಅವನಿಗೆ ತಕ್ಕುದು ಪ್ರೀತಿಯೊಂದೇ ಎಂದು 1960ರಲ್ಲಿಯೇ ಪ್ರತಿಪಾದಿಸಿದ್ದರು.

ಮಾನವನು ದೇವರ ಪ್ರತಿರೂಪವೆಂಬ ಶ್ರದ್ಧೆಯು ಈ ದರ್ಶನದ ತಳಹದಿ. ಆ ಶ್ರದ್ಧೆಯಿಲ್ಲದವರು ಇದರ ಆಧಾರವನ್ನು ಪ್ರಶ್ನಿಸುವುದು ಸಹಜವೇ. ಆದರೆ ಇದರ ಫಲಿತಾರ್ಥ ಕೇವಲ ಗ್ರಂಥಸ್ಥವಲ್ಲ. ಘೋರ ಅಪರಾಧಿಯೂ ಮಾನವಘನತೆಯನ್ನು ಕಳೆದುಕೊಳ್ಳುವುದಿಲ್ಲವೆಂಬ ಕಾರಣದಿಂದ ಪೋಪ್ ಫ್ರಾನ್ಸಿಸ್ 2018ರಲ್ಲಿ ಮರಣದಂಡನೆಯು ಅಗ್ರಾಹ್ಯವೆಂದು ಧರ್ಮಬೋಧೆಯನ್ನು ತಿದ್ದಿಸಿದರು. ಘನತೆಯು ಸಾಮರ್ಥ್ಯಕ್ಕೆ ಸಿಕ್ಕುವ ಬಹುಮಾನವಾಗಿದ್ದರೆ ದುರ್ಬಲನ ಪಾಲಿಗೆ ಅದು ಎಂದೂ ಬರುತ್ತಿರಲಿಲ್ಲ.